ಒಂದನೇ ತರಗತಿಯಲ್ಲಿ ಕಡಿಮೆ ಬಂದ ಒಂದು ಬೀಜ

ಹೋದ ತಿಂಗಳು ನಮ್ಮ ಬೀದಿಯ ಇಬ್ಬರು ಹುಡುಗಿಯರು ಟೀಚರ್ ಕೆಲಸದ ಆರ್ಡರ್ ಹಿಡಿದುಕೊಂಡು ಹಿಂದೂಪುರದ ನಮ್ಮ ಮನೆಗೆ ಬಂದಿದ್ದರು. ಇಬ್ಬರಿಗೂ ಒಂದನೇ ತರಗತಿಯನ್ನೇ ಕೊಟ್ಟಿದ್ದಾರಂತೆ. "ಚಿಕ್ಕ ಮಕ್ಕಳು, ಸುಲಭ ಅಲ್ವಾ ರತ್ನಮ್ಮತ್ತೆ?" ಎಂದು ಒಬ್ಬಳು ಕೇಳಿದಳು. ನಾನು ಕಾಫಿ ಕೊಟ್ಟು ಕಳಿಸಿದೆ, ಉತ್ತರ ಹೇಳಲಿಲ್ಲ. ಬಾಯಲ್ಲಿ ಹೇಳಿ ಮುಗಿಯುವ ಉತ್ತರ ಅದಲ್ಲ. ಬರೆದೇ ಕೊಡೋಣವೆಂದು ಕುಳಿತಿದ್ದೇನೆ.

ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವಾಗ ಹೆಡ್‌ಮಿಸ್ಟ್ರೆಸ್ ಆದೆ, ಅದೆಲ್ಲ ನನ್ನ ಸರ್ವಿಸ್ ರಿಜಿಸ್ಟರಿನಲ್ಲಿದೆ. ಅದೇ ರಿಜಿಸ್ಟರಿನಲ್ಲಿ ಕೆಂಪು ಮಸಿಯ ಒಂದು ಸಾಲೂ ಇದೆ. ಆ ಸಾಲಿನ ಹಿಂದೆ ಇರುವ ವರ್ಷದ ಕಥೆ ಇದು.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಕಂಬದೂರು ಮಂಡಲದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿದ್ದೆ. ನಮ್ಮ ಯಜಮಾನರು ಹಿಂದೂಪುರದಲ್ಲಿ ಮಗ್ಗ ನೇಯುತ್ತಿದ್ದರು. ನಾನು ಕಲ್ಯಾಣದುರ್ಗದಲ್ಲಿ ಒಂದು ರೂಮು ಮಾಡಿಕೊಂಡು ದಿನಾ ಜೀಪಿನಲ್ಲಿ ಹಳ್ಳಿಗೆ ಹೋಗಿಬರುತ್ತಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಹಿಂದೂಪುರಕ್ಕೆ ಹೋದರೆ ಸೋಮವಾರ ಬೆಳಗಿನ ಜಾವದ ಬಸ್ಸಿಗೆ ವಾಪಸು. ಶಾಲೆಗೆ ಎರಡು ಕೋಣೆ, ಒಂದು ಜಗಲಿ. ಐದು ತರಗತಿಗೆ ಇಬ್ಬರೇ ಮೇಷ್ಟ್ರು. ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರು ಮೂರು, ನಾಲ್ಕು, ಐದನ್ನು ನೋಡಿಕೊಳ್ಳುತ್ತಿದ್ದರು. ಒಂದು ಮತ್ತು ಎರಡು ನನ್ನವು. ಒಂದನೇ ತರಗತಿಯಲ್ಲೇ ಮೂವತ್ತನಾಲ್ಕು ಮಕ್ಕಳು.

ಆವರೆಗೆ ನಾನು ಪಾಠ ಮಾಡುತ್ತಿದ್ದುದು ನನಗೆ ನನ್ನ ಮೇಷ್ಟ್ರು ಮಾಡಿದಂತೆಯೇ. ನಾನು ಹೇಳುವುದು, ಮಕ್ಕಳು ಕೂಗುವುದು. ಮಗ್ಗಿ ತಪ್ಪಿದರೆ ಬೆರಳ ಗೆಣ್ಣಿಗೆ ಕಡ್ಡಿಯ ಏಟು. ಆ ವರ್ಷದ ಬೇಸಿಗೆ ರಜೆಯಲ್ಲಿ ಕಲ್ಯಾಣದುರ್ಗದಲ್ಲಿ ನಮಗೆಲ್ಲ ತರಬೇತಿ ನಡೆಯಿತು. ಪುಸ್ತಕದಿಂದಲ್ಲ, ಮಕ್ಕಳ ಕೈಯಿಂದ ಕಲಿಸಬೇಕು ಎಂದರು. ಎಲೆ ಆರಿಸಿ, ಕಲ್ಲು ಎಣಿಸಿ, ಹಾಡಿ, ಕುಣಿದು ಕಲಿಯುವುದನ್ನು ತೆಲುಗಿನಲ್ಲಿ 'ಕೃತ್ಯಂ' ಎನ್ನುತ್ತಿದ್ದರು. ಹೇಳಿಕೊಡುವವರೆಲ್ಲ ತೆಲುಗಿನವರು, ಪುಸ್ತಕವೂ ತೆಲುಗಿನದೇ. ಕನ್ನಡ ಶಾಲೆಯವರು ಕೊನೆಯ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆವು. ಬಹಳ ಜನ ತೂಕಡಿಸಿದರು. ನಾನು ತೂಕಡಿಸಲಿಲ್ಲ. ಇಷ್ಟು ವರ್ಷ ಮಕ್ಕಳ ಬೆರಳಿಗೆ ಹೊಡೆದದ್ದು ಸುಮ್ಮಸುಮ್ಮನೆ ಎಂದು ಯಾರೋ ಮೆತ್ತಗೆ ಹೇಳಿದಂತಾಯಿತು.

ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಶುರು ಮಾಡಿದೆ. ನೆಲಕ್ಕೆ ಮರಳು ಹರಡಿ ಅದರಲ್ಲಿ ಅಕ್ಷರ ತಿದ್ದಿಸಿದೆ. ಜಗಲಿ ಎಷ್ಟು ಹೆಜ್ಜೆ ಉದ್ದ ಎಂದು ಅಳೆಸಿದೆ. ಒಬ್ಬನಿಗೆ ಹದಿನೆಂಟು, ಇನ್ನೊಬ್ಬಳಿಗೆ ಇಪ್ಪತ್ತೆರಡು ಬಂದು ದೊಡ್ಡ ಜಗಳವಾಯಿತು. ಆ ಜಗಳದಲ್ಲೇ ಅವರು ಅಳತೆ ಎಂದರೇನೆಂದು ಕಲಿತರು. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಒಂದು ವಸ್ತುವಿಗೆ ಎರಡು ಹೆಸರು ಹೇಳಿ ಕಾರ್ಡು ಗೆಲ್ಲುವ ಆಟ ಮಾಡಿದೆ. ಬಾಯಿಯೇ ಬಿಡದಿದ್ದವರೆಲ್ಲ ಮಾತಾಡತೊಡಗಿದರು.

ಜುಲೈಯಲ್ಲಿ ಮೊದಲ ಎಡವಟ್ಟು. "ನಿಮ್ಮ ಮನೆ ಸುತ್ತಮುತ್ತ ಇರೋ ಒಂದು ಜೀವಿ ತನ್ನಿ" ಎಂದಿದ್ದೆ. ಇರುವೆ, ಮಿಡತೆ, ಬಸವನಹುಳು ಬಂದವು. ಎರಡನೇ ತರಗತಿಯ ಒಬ್ಬ ಹೊಗೆಸೊಪ್ಪಿನ ಡಬ್ಬಿ ತಂದು ನನ್ನ ಮೇಜಿನ ಮೇಲೆ ಮುಚ್ಚಳ ತೆಗೆದ. ಒಳಗೆ ಕರಿ ಚೇಳು. ಮಕ್ಕಳು ಬೆಂಚಿನ ಮೇಲೆ ಹತ್ತಿದರು. ವೆಂಕಟರಾಮಪ್ಪನವರು ಪಕ್ಕದ ಕೋಣೆಯಿಂದ ಬಂದು ಚಪ್ಪಲಿಯಲ್ಲಿ ಅದನ್ನು ಹೊಡೆದು, ಚಪ್ಪಲಿ ಮತ್ತೆ ಕಾಲಿಗೆ ಹಾಕಿಕೊಂಡು ಹೇಳಿದರು: "ನೋಡಮ್ಮ, ಈ ವಿದ್ಯೆ ಚೆನ್ನಾಗೈತೆ, ನಾನು ಬೇಡ ಅನ್ನಲ್ಲ. ಆದ್ರೆ ಮಕ್ಕಳ ಕೈಗೆ ಏನು ಕೊಡ್ತೀವೋ ಅದು ನಮ್ಮ ತಲೆ ಮೇಲಿರುತ್ತೆ. ಪುಸ್ತಕ ಯಾರನ್ನೂ ಕಚ್ಚಲ್ಲ."

ಹಳೆಯ ಕಾಲದವರು, ಹೊಸದನ್ನು ಕಂಡರೆ ಆಗದು ಎಂದುಕೊಂಡೆ. ಅಷ್ಟು ಉತ್ಸಾಹದಲ್ಲಿದ್ದೆ.

ನವೆಂಬರ್ ಮುಗಿಯುತ್ತ ಬಂದಿತ್ತು. ಹೊಲಗಳಲ್ಲಿ ಕಡಲೇಕಾಯಿ ಕಿತ್ತಾಗಿ ಊರಿನ ಪ್ರತಿ ಅಂಗಳದಲ್ಲೂ ಕಾಯಿ ಒಣಗುತ್ತಿತ್ತು. ಕಳೆಯುವ ಲೆಕ್ಕ ಹೇಳಿಕೊಡಬೇಕಿತ್ತು. ಎಣಿಸಲು ಇಟ್ಟುಕೊಂಡಿದ್ದ ಹುಣಸೆಬೀಜವನ್ನು ಎರಡನೇ ತರಗತಿಯವರು ಅಳಗುಳಿಮಣೆ ಆಡಲು ಒಯ್ದು ಕಳೆದುಹಾಕಿದ್ದರು. "ನಾಳೆ ಎಲ್ಲಾರೂ ಒಂದೊಂದು ಹಿಡಿ ಕಡಲೇಕಾಯಿ ತನ್ನಿ" ಎಂದೆ. ಮರುದಿನ ಎಲ್ಲರೂ ಸೇರಿ ಸುಲಿದರು. ಒಬ್ಬೊಬ್ಬರ ಮುಂದೆ ಹತ್ತು ಬೀಜ. ತಿನ್ನಬಾರದು, ಲೆಕ್ಕ ಮುಗಿದ ಮೇಲೆ ತಿನ್ನಬಹುದು ಎಂದು ಹೇಳಿ, ಹಲಗೆಯ ಕಡೆ ತಿರುಗಿ 'ಹತ್ತರಲ್ಲಿ ಮೂರು' ಎಂದು ಬರೆಯುತ್ತಿದ್ದೆ.

ಹಿಂದೆ ಕಿಸಕ್ಕನೆ ನಗು ಕೇಳಿಸಿತು. ಆಮೇಲೆ ಕೆಮ್ಮು.

ನಾಗವೇಣಿ ಎಂಬ ಹುಡುಗಿ. ಆರು ತುಂಬಿರಲಿಲ್ಲ. ಕುರಿ ಸಾಕುವವರ ಮನೆಯ ಮಗು, ಅಪ್ಪ ಓಬಳೇಶ, ಅವ್ವ ತಿಪ್ಪಕ್ಕ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಸುರಿಯುತ್ತ ಬಿಡದೆ ಕೆಮ್ಮುತ್ತಿದ್ದಳು. ಓಡಿಹೋಗಿ ಬೆನ್ನು ತಟ್ಟಿದೆ, ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಮೂಗು ಒರೆಸಿಕೊಂಡು ಕುಳಿತಳು. ಲೆಕ್ಕ ಮುಂದುವರಿಸಿದೆ. ಕೊನೆಗೆ ಎಲ್ಲರ ಬೀಜ ಎಣಿಸುವಾಗ ಅವಳ ಮುಂದೆ ಒಂಬತ್ತೇ ಇತ್ತು.

"ಇನ್ನೊಂದೆಲ್ಲಿ?"

"ಒಳಕ್ಕೋಯ್ತು."

"ತಿಂದ್ಯಾ?"

"ತಿಂದಿಲ್ಲ ಮೇಡಂ. ಒಳಕ್ಕೋಯ್ತು."

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು, ಅದನ್ನೇ ಒಂದು ಲೆಕ್ಕ ಮಾಡಿ ಕೇಳಿದೆ: "ಹತ್ತು ಬೀಜದಲ್ಲಿ ನಾಗವೇಣಿ ಒಂದು ತಿಂದ್ರೆ ಎಷ್ಟು ಉಳೀತು?" ಮೂವತ್ತಮೂರು ಗಂಟಲು ಒಟ್ಟಿಗೆ "ಒಂಬತ್ತು" ಎಂದು ಕೂಗಿದವು. ನಾಗವೇಣಿ ಕೂಗಲಿಲ್ಲ. ಆ ದಿನ ಡೈರಿಯಲ್ಲಿ 'ಕೃತ್ಯ ಚೆನ್ನಾಗಿ ನಡೆಯಿತು' ಎಂದು ಬರೆದೆ. ಆ ಡೈರಿಯನ್ನು ಆಮೇಲೆ ನಾನೇ ಹರಿದುಹಾಕಿದೆ.

ಎರಡು ದಿನ ನಾಗವೇಣಿ ಎಂದಿನಂತೆಯೇ ಇದ್ದಳು. ಮೂರನೆಯ ದಿನ ಕೆಮ್ಮು ಬಂತು. ಆಮೇಲೆ ಒಂದು ವಾರ ಶಾಲೆಗೆ ಬರಲಿಲ್ಲ. ಜ್ವರ, ಕಲ್ಯಾಣದುರ್ಗದ ಡಾಕ್ಟರ ಹತ್ತಿರ ಸೂಜಿ ಹಾಕಿಸಿದ್ದಾರೆ ಎಂದು ಮಕ್ಕಳು ಹೇಳಿದರು. ಚಳಿಗಾಲ, ಅರ್ಧ ಊರೇ ಕೆಮ್ಮುತ್ತಿತ್ತು. ವಾರ ಬಿಟ್ಟು ಬಂದಳು, ಇಳಿದುಹೋಗಿದ್ದಳು. ಹಾಡಿ ಕುಣಿಯುವ ಪಾಠದಲ್ಲಿ ಎರಡು ಸುತ್ತಿಗೆ ಏದುಸಿರು ಬಿಟ್ಟು ಗೋಡೆಗೆ ಒರಗಿ ಕುಳಿತಳು. ಮತ್ತೆ ಜ್ವರ, ಮತ್ತೆ ರಜೆ.

ಒಂದು ಸಂಜೆ ಅವರ ಮನೆಗೆ ಹೋದೆ. ಕಂಬಳಿ ಹೊದ್ದು ಕುಳಿತಿದ್ದ ಮಗು ಉಸಿರೆಳೆದಾಗಲೆಲ್ಲ ಎದೆಯಲ್ಲಿ ಸಣ್ಣಗೆ ಪೀಪಿ ಊದಿದಂತೆ ಸದ್ದು. ತಿಪ್ಪಕ್ಕ ನನಗೆ ಚಾಪೆ ಹಾಸಿ ಹೇಳಿದಳು: "ಸೂಜಿ ಹಾಕಿಸ್ದಾಗ ಒಸಿ ವಾಸಿ ಆಗ್ತದೆ ಟೀಚರಮ್ಮ, ಮತ್ತೆ ತಿರುಗ್ತದೆ. ನೆಗಡಿ ಎದೆಗಿಳಿದೈತೆ ಅಂದ್ರು ಡಾಕ್ಟ್ರು. ಇವ್ಳಿಗೆ ಹುಟ್ಟಿದಾಗಿಂದ ಒಂದು ಸೀನೂ ಬಂದಿರ್ಲಿಲ್ಲ ಕಣಮ್ಮ. ಏನಾಯ್ತೋ ಕಾಣೆ."

ಆಗಲೂ ನನಗೆ ಹೊಳೆಯಲಿಲ್ಲ. ಈಗಿನ ಟೀಚರುಗಳಿಗೆ ಇದನ್ನು ನಂಬಲು ಕಷ್ಟವಾಗಬಹುದು. ಕಾರಣ ನನ್ನ ಕಣ್ಣಮುಂದೆಯೇ ನಡೆದಿತ್ತು, ಮಗು ತನ್ನ ಬಾಯಿಂದಲೇ ಹೇಳಿತ್ತು. ಆದರೂ ಹೊಳೆಯಲಿಲ್ಲ.

ತೋರಿಸಿಕೊಟ್ಟವರು ಮಕ್ಕಳು. ಬುಧವಾರ ಮಧ್ಯಾಹ್ನ ಭಾಷಾ ಪಾಠಕ್ಕೆ ನಟನೆ ಇಟ್ಟುಕೊಂಡಿದ್ದೆ. 'ನಮ್ಮ ಶಾಲೆ' ಎಂಬ ವಿಷಯ ಕೊಟ್ಟು, ನೀವೇ ಮಾಡಿ ತೋರಿಸಿ ಎಂದೆ. ಮಾರಕ್ಕ ಎಂಬ ಹುಡುಗಿ ಟವೆಲನ್ನು ಸೆರಗಿನಂತೆ ಹಾಕಿಕೊಂಡು ನಾನಾದಳು. ಇನ್ನೊಬ್ಬಳು ನಾಗವೇಣಿಯಾದಳು. 'ನಾನು' ಹಲಗೆಯ ಕಡೆ ತಿರುಗಿದೆ. 'ನಾಗವೇಣಿ' ನೆಲದಿಂದ ಏನನ್ನೋ ಎತ್ತಿ ಮೇಲಕ್ಕೆ ಎಗರಿಸಿ ಬಾಯಲ್ಲಿ ಹಿಡಿದಳು. ಉಗಿದಳು. ಮತ್ತೆ ಎಗರಿಸಿ ಹಿಡಿದಳು. ಪಕ್ಕದವಳು ಕಣ್ಣು ಮೆಳ್ಳಗೆ ಮಾಡಿ ತೋರಿಸಿದಳು. ಬಾಯಿ ತೆರೆದು ನಗಲು ಹೋದ 'ನಾಗವೇಣಿ' ಹಕ್ಕನೆ ಉಸಿರೆಳೆದು ಎದೆ ಹಿಡಿದುಕೊಂಡಳು. ಮಾರಕ್ಕ ಓಡಿಬಂದು ಬೆನ್ನು ತಟ್ಟಿ, ನನ್ನದೇ ದನಿಯಲ್ಲಿ "ತಿಂದ್ಯಾ?" ಎಂದಳು. ತರಗತಿ ಬಿದ್ದು ಬಿದ್ದು ನಕ್ಕಿತು.

ನಾಗವೇಣಿಯಾಗಿದ್ದ ಹುಡುಗಿಯನ್ನು ಹತ್ತಿರ ಕರೆದು ಕೇಳಿದೆ: "ನಿಜವಾಗ್ಲೂ ಹಿಂಗೇ ಆಯ್ತಾ?"

"ಊ ಮೇಡಂ. ಹೊಟ್ಟೆಗೋಗ್ಲಿಲ್ಲ. ಇಲ್ಲಿಗೋಯ್ತು ಅಂದ್ಲು," ಎಂದು ಅವಳು ತನ್ನ ಎದೆಯ ಮೇಲೆ ಬೆರಳಿಟ್ಟಳು.

ಜಗಲಿಯ ಗೋಡೆಯಲ್ಲಿ ಐದನೇ ತರಗತಿಯ ವಿಜ್ಞಾನದ ಪಟ ತೂಗುತ್ತಿತ್ತು. ಗಂಟಲಿನಿಂದ ಎರಡು ಕೊಳವೆಗಳು, ಒಂದು ಅನ್ನಕ್ಕೆ, ಒಂದು ಗಾಳಿಗೆ. ಆ ಪಟದ ಮುಂದೆ ನಿಂತೆ. ಸಾವಿರ ಸಲ ಅದರ ಪಕ್ಕದಲ್ಲಿ ಓಡಾಡಿದ್ದೆ.

ಶಾಲೆ ಬಿಟ್ಟ ಮೇಲೆ ವೆಂಕಟರಾಮಪ್ಪನವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಬಹಳ ಹೊತ್ತು ಒರೆಸಿದರು.

"ಎಷ್ಟು ದಿನ ಆಯ್ತಮ್ಮ?"

"ಮೂರು ವಾರ ದಾಟಿತು ಸಾರ್."

"ಒಂದು ಬೀಜ ಮೂರು ವಾರ ಇರುತ್ತಾ? ಕರಗಿ ಹೋಗಿರುತ್ತೆ. ಜ್ವರ ಬೇರೆ, ಇದು ಬೇರೆ. ಈಗ ನೀವು ಬಾಯಿ ಬಿಟ್ರೆ ಮಗೂಗೆ ಏನೂ ಆಗಲ್ಲ, ನಿಮಗೆ ಆಗುತ್ತೆ. ಸಸ್ಪೆಂಡ್ ಮಾಡ್ತಾರೆ. ಅದಕ್ಕಿಂತ ಮೊದಲು ಊರಿನೋರೇ ಬರ್ತಾರೆ." ಕನ್ನಡಕ ಹಾಕಿಕೊಂಡು ಮತ್ತೆ ಹೇಳಿದರು: "ಹಿಂದೆ ನಾನಿದ್ದ ಊರಲ್ಲಿ ಒಬ್ಬ ಹುಡುಗ ಶಾಲೆ ಗೋಡೆಯಿಂದ ಬಿದ್ದು ಕೈ ಮುರಕೊಂಡ. ನಾನು ಹತ್ತಿಸಿದ್ದಲ್ಲ. ಆದ್ರೂ ಅಂಗಿ ಹಿಡಿದು ಬೀದೀಲಿ ಎಳೆದ್ರು. ನನ್ನ ಹೆಂಡ್ತಿ ನೋಡ್ತಾ ನಿಂತಿದ್ಲು. ಅದಕ್ಕೇ ಹೇಳ್ತಾ ಇದ್ದೀನಿ."

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಮೇಲಿನ ಅಕ್ಕರೆಗೇ ಹೇಳಿದರು. ನಾನು ಅವರ ಬಳಿ ಹೋದದ್ದೂ ಅಂಥ ಮಾತನ್ನು ಯಾರಾದರೂ ಹೇಳಲಿ ಎಂದೇ ಇರಬೇಕು. ಗುರುವಾರ ಸುಮ್ಮನಿದ್ದೆ. ಶುಕ್ರವಾರವೂ ಸುಮ್ಮನಿದ್ದೆ. ಎರಡು ದಿನವೂ ನಾಗವೇಣಿಯ ಹೆಸರು ಕೂಗಿ, ಗೈರುಹಾಜರಿ ಗುರುತು ಹಾಕಿ, ಮುಂದಿನ ಹೆಸರಿಗೆ ಹೋದೆ. ಇದನ್ನು ಬರೆಯಲೇಬೇಕೆಂದು ಯಾರೂ ಹೇಳಿಲ್ಲ. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಶನಿವಾರ ಬೆಳಿಗ್ಗೆ ಕಲ್ಯಾಣದುರ್ಗದ ಜೀಪ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ತಿಪ್ಪಕ್ಕ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದಳು. ಹಿಂದಿನ ದಿನ ಡಾಕ್ಟರಿಗೆ ತೋರಿಸಿ, ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಇನ್ನೊಂದು ಸೂಜಿ ಹಾಕಿಸಿಕೊಂಡು ಊರಿಗೆ ಹೊರಟಿದ್ದಳು. ಜೀಪಿನಲ್ಲಿ ನನ್ನ ಎದುರಿಗೇ ಕುಳಿತರು. ನಾಗವೇಣಿಯ ಮೂಗಿನ ಹೊಳ್ಳೆಗಳು ಉಸಿರಿಗೊಮ್ಮೆ ಅರಳುತ್ತಿದ್ದವು. ಉಗುರುಗಳಿಗೆ ನೇರಳೆ ಬಣ್ಣ. ನನ್ನನ್ನು ಕಂಡು ನಕ್ಕಳು.

ಡ್ರೈವರು ಇನ್ನೂ ಜನ ತುಂಬುತ್ತಿದ್ದ. ನಾನು ಮಾತು ಶುರು ಮಾಡಿದೆ.

"ತಿಪ್ಪಕ್ಕ, ಈ ಮಗು ಎದೇಲಿ ಕಡಲೆಬೀಜ ಸಿಕ್ಕಿಕೊಂಡಿದೆ. ಶಾಲೇಲಿ ಎಣಿಸೋಕೆ ಅಂತ ನಾನೇ ಕೊಟ್ಟಿದ್ದೆ. ಆಡ್ತಾ ಆಡ್ತಾ ಉಸಿರಿನ ಕೊಳವೆಗೆ ಹೋಗಿದೆ. ಡಾಕ್ಟರಿಗೆ ಇದನ್ನ ಹೇಳಬೇಕು, ಈಗಲೇ."

ಜೀಪಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ತಿಪ್ಪಕ್ಕ ನನ್ನನ್ನು ನೋಡಿದಳು. ಬಯ್ಯಲಿಲ್ಲ, ಅಳಲಿಲ್ಲ. ಮಗುವನ್ನು ಎತ್ತಿಕೊಂಡು ಇಳಿದು ಡಾಕ್ಟರ ಮನೆಯ ಕಡೆ ನಡೆಯತೊಡಗಿದಳು. ಓಬಳೇಶನಿಗೆ ಸುದ್ದಿ ಮುಟ್ಟಿಸಲು ಡ್ರೈವರಿಗೆ ಹೇಳಿ ನಾನು ಹಿಂದೆ ಓಡಿದೆ.

ಡಾಕ್ಟರು ಮಗುವಿನ ಎದೆಯ ಎಡಕ್ಕೂ ಬಲಕ್ಕೂ ನಳಿಗೆ ಇಟ್ಟು ಇಟ್ಟು ಕೇಳಿದರು. "ಬಲಗಡೆ ಗಾಳಿಯೇ ಹೋಗ್ತಿಲ್ಲ. ನಾನು ಕಫ ಅಂದ್ಕೊಂಡಿದ್ದೆ. ಮೊದಲ ದಿನವೇ ಯಾಕೆ ಹೇಳಲಿಲ್ಲಮ್ಮ?"

"ನಂಗೆ ಗೊತ್ತಿರ್ಲಿಲ್ಲ ಸೋಮಿ," ಎಂದಳು ತಿಪ್ಪಕ್ಕ.

"ನನಗೆ ಗೊತ್ತಿತ್ತು," ಎಂದೆ ನಾನು.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಇವತ್ತೇ ಹೋಗಬೇಕು ಎಂದು ಅವರು ಚೀಟಿ ಬರೆದುಕೊಟ್ಟರು. ಬಾಗಿಲವರೆಗೂ ಬಂದು ಎಚ್ಚರಿಸಿದರು: ಓಡಿಸಬೇಡಿ, ಅಳಿಸಬೇಡಿ, ನಗಿಸಲೂ ಬೇಡಿ. ಕೆಮ್ಮಿನ ರಭಸಕ್ಕೆ ಬೀಜ ಜರುಗಿ ಮೇಲೆ ಬಂದು ಸಿಕ್ಕಿಕೊಂಡರೆ ಎರಡೂ ಕಡೆ ಗಾಳಿ ನಿಲ್ಲುತ್ತದೆ.

ಬೆಂಗಳೂರಿನ ನೇರ ಬಸ್ಸು ಆಗಲೇ ಹೊರಟುಹೋಗಿತ್ತು. ಹಿಂದೂಪುರದ ಬಸ್ಸು ಹತ್ತಿದೆವು. ಅಲ್ಲಿಂದ ಮಧ್ಯಾಹ್ನದ ರೈಲು. ನಮ್ಮ ಯಜಮಾನರಿಗೆ ಫೋನು ಮಾಡಿ ತಿಳಿಸಿದ್ದೆ, ಮಗ್ಗದಿಂದ ಎದ್ದು ನೇರ ಸ್ಟೇಷನ್ನಿಗೆ ಬಂದಿದ್ದರು. ಸೀರೆ ಮಾರಲು ಹೋಗಿಬಂದು ಬೆಂಗಳೂರಿನ ಬೀದಿಗಳು ಅವರಿಗೆ ಗೊತ್ತಿದ್ದವು.

ಆ ದಾರಿಯಲ್ಲಿ ಒಂದು ಮಗುವನ್ನು ಅಳಿಸದೆ, ನಗಿಸದೆ, ಮಲಗಿಸದೆ ಕೂರಿಸಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ತಿಪ್ಪಕ್ಕ ಅವಳನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕುಳಿತಿದ್ದಳು. ಮಗುವಿಗೆ ಮಾತ್ರ ಕಿಟಕಿಯ ಹೊರಗಿನದೆಲ್ಲ ಬೇಕು. ಮೊದಲ ಸಲ ಬಸ್ಸಿನ ಕಿಟಕಿ ಸಿಕ್ಕಿತ್ತು. ಮೇಕೆ ಕಂಡರೆ ಕೂಗಬೇಕು, ಲಾರಿ ಕಂಡರೆ ಎದ್ದು ನಿಲ್ಲಬೇಕು. ನಾನು ಅವಳ ಅಂಗೈ ಹಿಡಿದು ಬೆರಳಿನಿಂದ ಮೆಲ್ಲಗೆ 'ಅ' ಎಂದು ಬರೆದೆ. ಯಾವ ಅಕ್ಷರ ಎಂದು ಬಾಯಲ್ಲಿ ಹೇಳಬಾರದು, ನನ್ನ ಅಂಗೈಯಲ್ಲಿ ಬರೆದು ತೋರಿಸಬೇಕು ಎಂದೆ. ಬರೆದಳು. ಒಂದೊಂದೇ ಅಕ್ಷರ ಹಾಗೆ ಸಾಗಿತು. ರೈಲಿನಲ್ಲಿ ತಂತಿಕಂಬಗಳನ್ನು ಮನಸ್ಸಿನಲ್ಲೇ ಎಣಿಸಿ, ಹತ್ತಾದಾಗ ನನ್ನ ಕಿರುಬೆರಳು ಹಿಡಿಯುವ ಆಟ. ದೊಡ್ಡಬಳ್ಳಾಪುರ ದಾಟಿದ ಮೇಲೆ ಒಮ್ಮೆ ಕೆಮ್ಮು ಬಂತು. ಮೂರು ಕೆಮ್ಮು, ನಾಲ್ಕು. ತುಟಿ ಕಪ್ಪಾಗುತ್ತಿತ್ತು. ನಮ್ಮ ಯಜಮಾನರು ಎದ್ದು ನಿಂತರು. ತಿಪ್ಪಕ್ಕ ಮಗುವಿನ ಕಿವಿಗೆ ಬಾಯಿಟ್ಟು, ಕುರಿಮರಿಗೆ ಮಾಡುವ ಹಾಗೆ "ಟುರ್ರ್... ಟುರ್ರ್" ಎಂದು ಸಣ್ಣಗೆ ಸದ್ದು ಮಾಡುತ್ತ ಇದ್ದಳು. ಕೆಮ್ಮು ಇಳಿಯಿತು. ನಾಗವೇಣಿ ನನ್ನ ಕಿರುಬೆರಳನ್ನು ಬಿಟ್ಟಿರಲಿಲ್ಲ.

ಅಷ್ಟು ದೂರದ ದಾರಿಯಲ್ಲಿ ತಿಪ್ಪಕ್ಕ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಸಂಜೆಗೇ ಮಗುವನ್ನು ಒಳಗೆ ಕರೆದೊಯ್ದರು. ಪ್ರಜ್ಞೆ ತಪ್ಪಿಸಿ, ಬಾಯಿಂದ ಕೊಳವೆ ಇಳಿಸಿ ತೆಗೆಯುತ್ತಾರಂತೆ. ನಮ್ಮ ಯಜಮಾನರು ಔಷಧಿ ತರಲು ಹೋಗಿದ್ದರು, ಹೊರಗಿನ ಬೆಂಚಿನಲ್ಲಿ ನಾನೂ ತಿಪ್ಪಕ್ಕನೂ ಇಬ್ಬರೇ ಕುಳಿತಿದ್ದೆವು. ಆಗ ತಿಪ್ಪಕ್ಕ ಬಾಯಿ ಬಿಟ್ಟಳು.

"ನಿಮಗೆ ಯಾವತ್ತು ಗೊತ್ತಾಯ್ತು ಟೀಚರಮ್ಮ?"

ಇವತ್ತು ಬೆಳಿಗ್ಗೆ ಎಂದುಬಿಡಬಹುದಿತ್ತು. "ಬುಧವಾರ," ಎಂದೆ.

"ಇವತ್ತು ಶನಿವಾರ."

ಆಮೇಲೆ ನನಗೆ ಬಂದ ಯಾವ ಮೆಮೋ ಕೂಡ ಆ ಎರಡು ಪದದಷ್ಟು ಭಾರವಿರಲಿಲ್ಲ.

ಮುಕ್ಕಾಲು ಗಂಟೆಗೆ ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಒಂದು ಸಣ್ಣ ಸೀಸೆ, ಅದರಲ್ಲಿ ಉಬ್ಬಿ ಎರಡು ಹೋಳಾದ ಬೀಜ. ಇನ್ನಷ್ಟು ದಿನ ಬಿಟ್ಟಿದ್ದರೆ ಎದೆ ಕೊಯ್ಯಬೇಕಾಗುತ್ತಿತ್ತು ಎಂದರು. ಮಗು ಉಳಿಯುತ್ತದೆ ಎಂದರು. ತಿಪ್ಪಕ್ಕ ಗೋಡೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಎಬ್ಬಿಸಲು ಕೈ ಚಾಚಿದೆ. ಹಿಡಿಯಲಿಲ್ಲ, ತಾನೇ ಎದ್ದಳು.

ನಾನು ಮರಳಿ ಬಂದು ನಡೆದದ್ದನ್ನೆಲ್ಲ ಮಂಡಲದ ವಿದ್ಯಾಧಿಕಾರಿಗೆ, ಅಂದರೆ ಎಂ.ಇ.ಓ. ಅವರಿಗೆ ಕಾಗದ ಬರೆದೆ. ಹೆಡ್‌ಮಾಸ್ಟರ ಮೂಲಕವೇ ಹೋಗಬೇಕು. ವೆಂಕಟರಾಮಪ್ಪನವರು ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಎರಡು ದಿನವಾದ ಮೇಲೆ ತೆಗೆದು ಕಳಿಸಿದರು. ಕಳಿಸುವ ಮುಂಚೆ ನನಗೆ ತೋರಿಸಿದರು. ಕೆಳಗೆ ಅವರ ಕೈಬರಹದಲ್ಲಿ ಒಂದು ಸಾಲು ಸೇರಿತ್ತು: ವಿಷಯವನ್ನು ಪೋಷಕರಿಗೆ ತಿಳಿಸದಂತೆ ಸಲಹೆ ಕೊಟ್ಟವನು ನಾನು.

"ಯಾಕೆ ಸಾರ್?" ಎಂದೆ.

"ನಿದ್ದೆ ಬರಲಿಲ್ಲಮ್ಮ," ಎಂದರು, ಅಷ್ಟೇ.

ಎಂ.ಇ.ಓ. ಮರುವಾರ ಬಂದರು. ಜಗಲಿಯಲ್ಲಿ ಕುರ್ಚಿ ಹಾಕಿದ್ದೆವು. ಊರಿನ ಗಂಡಸರು ಅಂಗಳ ತುಂಬ ನಿಂತಿದ್ದರು. ಓಬಳೇಶ ಮುಂದೆ ಇದ್ದ, ಕೈಯಲ್ಲಿ ಕುರಿ ಕಾಯುವ ಕೋಲು. "ಏಮಮ್ಮಾ, ಇದಿ ನಿಜಮೇನಾ?" ನಿಜವೇ ಇದು ಎಂದು ಅಧಿಕಾರಿ ಕೇಳಿದರು. ನಿಜ ಎಂದೆ. ಪೋಷಕರು ದೂರು ಬರೆದುಕೊಟ್ಟರೆ ಮೇಲಿನವರಿಗೆ ಕಳಿಸುತ್ತೇನೆ ಎಂದರು.

"ಬರ್ಕೊಡ್ತೀನಿ ಸಾರ್," ಎಂದ ಓಬಳೇಶ. "ಇಂಥೋರು ಮಕ್ಳ ಹತ್ರ ಇರಬಾರ್ದು. ನನ್ನ ಕುರಿಮರೀನ ಹಿಂಗೆ ನೋಡ್ಕೊಂಡಿದ್ರೆ ನಾನು ಆಳನ್ನ ಓಡಿಸ್ತಿದ್ದೆ."

ಹಿಂದೆಯಿಂದ ಅಹುದಹುದೆಂಬ ಗುಜುಗುಜು ಎದ್ದಿತು. ಒಬ್ಬ ಜಗಲಿಯ ಮೆಟ್ಟಿಲು ಹತ್ತಿದ. ವೆಂಕಟರಾಮಪ್ಪನವರು ಎದ್ದು ನನ್ನ ಮುಂದೆ ಬಂದು ನಿಂತರು.

ಆಗ ಬೇಲಿಯ ಹತ್ತಿರ ನಿಂತಿದ್ದ ತಿಪ್ಪಕ್ಕ ಕೇಳಿದಳು: "ಬರ್ಕೊಟ್ರೆ ಏನಾಗ್ತದೆ ಸೋಮಿ?"

"ಈಯಮ್ಮನ್ನ ಬೇರೆ ಊರಿಗೆ ಹಾಕ್ತಾರೆ," ಎಂದರು ಅಧಿಕಾರಿ.

"ಅಲ್ಲೂ ಮಕ್ಳಿರ್ತವಲ್ಲ."

ತಿಪ್ಪಕ್ಕ ಮುಂದೆ ಬಂದಳು. "ಈಯಮ್ಮ ಎರಡು ದಿನ ಬಾಯಿ ಮುಚ್ಕೊಂಡಿದ್ಲು. ಅದನ್ನ ನಾನು ಸಾಯೋಗಂಟ ಮರೆಯಾಕಿಲ್ಲ. ಆದ್ರೆ ಜೀಪಲ್ಲಿ ಅಷ್ಟು ಜನದ ಮುಂದೆ ಹೇಳಿದ್ದೂ ಈಯಮ್ಮನೇ. ಹೇಳದಿದ್ರೆ ನಾನು ಇವತ್ತೂ ಸೂಜಿ ಹಾಕಿಸ್ತಾ ಇರ್ತಿದ್ದೆ, ಇಲ್ಲಾ ಮಣ್ಣು ಮಾಡಿರ್ತಿದ್ದೆ. ಇವ್ರು ಹೋಗಿ ಬರೋ ಹೊಸಬ್ರಿಗೆ ಏನು ಗೊತ್ತಿರ್ತದೆ? ಇಲ್ಲೇ ಇರ್ಲಿ. ನನ್ನ ಕಣ್ಮುಂದೆ ಇರ್ಲಿ."

ಓಬಳೇಶ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಆಮೇಲೆ ಕೋಲನ್ನು ಹೆಗಲಿಗೇರಿಸಿ ಹೊರಟುಹೋದ. ದೂರು ಬರಲಿಲ್ಲ. ಅಧಿಕಾರಿಗಳು ನನಗೂ ವೆಂಕಟರಾಮಪ್ಪನವರಿಗೂ ಮೆಮೋ ಕೊಟ್ಟರು. ಅದೇ ಕೆಂಪು ಮಸಿಯ ಸಾಲು. ಇನ್ನು ಮೇಲೆ ಈ ಶಾಲೆಯಲ್ಲಿ ಹಲಗೆ, ಬಳಪ, ಪುಸ್ತಕ ಬಿಟ್ಟು ಬೇರೇನೂ ಬೇಡ ಎಂದು ಬಾಯಲ್ಲಿ ಹೇಳಿ ಹೋದರು.

ಸಂಕ್ರಾಂತಿ ಕಳೆದ ಮೇಲೆ ನಾಗವೇಣಿ ಶಾಲೆಗೆ ಬಂದಳು. ಜೊತೆಗೆ ತಿಪ್ಪಕ್ಕನೂ ಬಂದಳು. ಮಗುವನ್ನು ಒಳಗೆ ಬಿಟ್ಟು ಜಗಲಿಯಲ್ಲಿ, ಬಾಗಿಲಿಗೆ ಎದುರಾಗಿ ಕುಳಿತಳು. ಕುರಿ ಉಣ್ಣೆ ತಂದಿದ್ದಳು, ತಕಲಿಯಲ್ಲಿ ನೂಲುತ್ತಿದ್ದಳು. ಕಣ್ಣು ಮಾತ್ರ ನನ್ನ ಮೇಲೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು, ಸಂಜೆ ಮಗುವನ್ನು ಕರೆದುಕೊಂಡು ಹೋದಳು. ಮರುದಿನವೂ ಬಂದಳು. ಅದರ ಮರುದಿನವೂ. ನನ್ನೊಂದಿಗೆ ಮಾತಿಲ್ಲ. ಕುರಿಗಳ ಹಿಂದೆ ಓಬಳೇಶ ಒಬ್ಬನೇ ಹೋಗುತ್ತಿದ್ದ.

ನನಗೆ ಇನ್‌ಸ್ಪೆಕ್ಷನ್ ಹೊಸದಲ್ಲ. ಆದರೆ ಅದು ಒಂದು ದಿನಕ್ಕೆ ಮುಗಿಯುತ್ತದೆ. ಇದು ಮುಗಿಯುವಂತೆ ಕಾಣಲಿಲ್ಲ. ನಾನು ಪುಸ್ತಕ ಓದಿಸಿದೆ, ಮಗ್ಗಿ ಕೂಗ ಹೇಳಿದೆ. ಮಕ್ಕಳು ಕೂಗುವುದನ್ನೂ ಮರೆತಿದ್ದರು. ಕೈ ಕಟ್ಟಿ ಕುಳಿತಿರುತ್ತಿದ್ದರು. ಮೂರನೆಯ ವಾರದಲ್ಲಿ ವೆಂಕಟರಾಮಪ್ಪನವರು ಬಾಗಿಲಲ್ಲಿ ನಿಂತು ನೋಡಿ ಹೇಳಿದರು: "ಹೊರಗೆ ನಿಂತ್ರೆ ಶಾಲೆಗೆ ರಜಾ ಅನ್ನಿಸುತ್ತಲ್ಲಮ್ಮ. ಏನಾದ್ರೂ ಶುರು ಮಾಡಿ. ಅಧಿಕಾರಿ ಕೇಳಿದ್ರೆ ನಾನು ಹೇಳ್ಕೊಂತೀನಿ. ಮತ್ತೆ ಚೇಳು ಬಂದ್ರೆ ಚಪ್ಪಲಿ ಕಾಲಲ್ಲೇ ಇರುತ್ತೆ."

ಮುಂದಿನ ಸೋಮವಾರ ಹಿಂದೂಪುರದಿಂದ ಬರುವಾಗ ಒಂದು ಚೀಲ ತಂದೆ. ಮಗ್ಗಕ್ಕೆ ರೇಷ್ಮೆ ಸುತ್ತಿ ಖಾಲಿಯಾದ ಮರದ ಉರುಳೆಗಳು. ನಮ್ಮ ಯಜಮಾನರು ಒಂದೊಂದನ್ನೂ ಉಜ್ಜಿ ಸಿಬಿರು ತೆಗೆದಿದ್ದರು. ನಾನು ಚೀಲ ಹೊತ್ತು ಕೋಣೆಗೆ ಹೋಗುವಾಗ ಜಗಲಿಯಿಂದ ತಿಪ್ಪಕ್ಕ ಕೈ ಚಾಚಿದಳು. ಒಂದು ಉರುಳೆ ಕೊಟ್ಟೆ. ಅದನ್ನು ತಿರುಗಿಸಿ ನೋಡಿದಳು, ತುದಿ ಬಿಚ್ಚಿಬರುತ್ತದೋ ಎಂದು ಹಲ್ಲಿನಲ್ಲಿ ಕಚ್ಚಿ ಎಳೆದಳು. ನಾಗವೇಣಿಯನ್ನು ಕರೆದು ಬಾಯಿ ತೆರೆಸಿ, ಉದ್ದಕ್ಕೂ ಅಡ್ಡಕ್ಕೂ ಹಿಡಿದು ಪರೀಕ್ಷಿಸಿದಳು. ಹೋಗಲಿಲ್ಲ. ಹಾಗೆ ಚೀಲದಲ್ಲಿದ್ದ ಪ್ರತಿಯೊಂದನ್ನೂ ಕಚ್ಚಿ ಎಳೆದು, ಸೀಳು ಬಿಟ್ಟಿದ್ದ ಎರಡನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ನನಗೆ ಕೊಟ್ಟಳು. ಅರ್ಧ ಗಂಟೆ ಹಿಡಿಯಿತು. ಮಕ್ಕಳೂ ನಾನೂ ಕಾದೆವು. ಕೆಲಸಕ್ಕೆ ಸೇರುವ ಹುಡುಗಿಯರೇ, ಯಾವ ತರಬೇತಿಯಲ್ಲೂ ನಾನು ಇದಕ್ಕಿಂತ ದೊಡ್ಡ ಪಾಠ ಕಲಿಯಲಿಲ್ಲ. ಮಗುವಿನ ಬಾಯೊಳಕ್ಕೆ ಹೋಗುವಂಥದ್ದು ತರಗತಿಯೊಳಕ್ಕೆ ಬರಬಾರದು. ಬಂದದ್ದನ್ನು ಮೊದಲು ನಮ್ಮ ಹಲ್ಲಿನಲ್ಲಿ ಕಚ್ಚಿ ನೋಡಬೇಕು.

ಉರುಳೆಗಳಿಂದ ಕೂಡಿದರು, ಕಳೆದರು. ಹತ್ತು ಜೋಡಿಸಿ ದಾರಕ್ಕೆ ಪೋಣಿಸಿ ನೂರರವರೆಗೆ ಹೋದರು. ಮತ್ತೆ ಜಗಳ, ಮತ್ತೆ ಗಲಾಟೆ. ತಿಪ್ಪಕ್ಕ ಜಗಲಿಯಲ್ಲಿ ನೂಲುತ್ತಲೇ ಇದ್ದಳು. ಫೆಬ್ರುವರಿ ಹಾಗೆಯೇ ಕಳೆಯಿತು.

ಮಾರ್ಚಿನ ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಜಗಲಿ ಖಾಲಿ. ನಾಗವೇಣಿ ಒಬ್ಬಳೇ ತನ್ನ ಜಾಗದಲ್ಲಿ ಕುಳಿತಿದ್ದಳು. ಏನಾದರೂ ಆಯಿತೇ, ಮಗುವನ್ನು ಬೇರೆ ಕಡೆ ಸೇರಿಸುತ್ತಾರೆಯೇ ಎಂದು ಏನೇನೋ ಯೋಚನೆ.

"ನಿಮ್ಮಮ್ಮ ಯಾಕೆ ಬರಲಿಲ್ಲ? ಹುಷಾರಿಲ್ವಾ?"

ಅವಳು ತಲೆ ಎತ್ತದೆ, ದಾರಕ್ಕೆ ಉರುಳೆ ಪೋಣಿಸುತ್ತಲೇ ಹೇಳಿದಳು: "ಕುರಿ ಹಿಂದೆ ಹೋದ್ಲು ಮೇಡಂ. ಇನ್ಮ್ಯಾಕೆ ಬರಾಕಿಲ್ಲಂತೆ. ಅಲ್ಲಿ ಟೀಚರಮ್ಮ ಇದ್ದಾರಲ್ಲ, ನಾನ್ಯಾಕೆ ಅಂದ್ಲು."

ನಾನು ಹಾಜರಿ ಪುಸ್ತಕ ತೆರೆದು ಹೆಸರು ಕೂಗಲು ಶುರು ಮಾಡಿದೆ. ನಾಗವೇಣಿಯ ಹೆಸರಿಗೆ ಬಂದಾಗ ತಲೆಯೆತ್ತಿ ಅವಳನ್ನು ನೋಡಿ, ಹಾಜರಿ ಗುರುತು ಹಾಕಿ, ಮುಂದಿನ ಹೆಸರಿಗೆ ಹೋದೆ.